ಮೂರು ಸಲಕ್ಕೆ ಸರಿಯಾಗಿ ತುಂಬಿತೆಂದು ಬರೆದ ಮಾಸ್ತರರಿಗೆ

ಮಾಸ್ತರರಿಗೆ ನಮಸ್ಕಾರ.

ನಿಮ್ಮ ‘ಪಿರಮಿಡ್ಡಿನ ಪವಾಡ’ ಕೈಸೇರಿದೆ. ಕಡ್ಡಿ ಮುರಿದಂತೆ ಹೇಳುವುದಾದರೆ, ಈಗಿರುವ ರೂಪದಲ್ಲಿ ಅದನ್ನು ಅಚ್ಚು ಹಾಕಲಾರೆ. ‘ಪ್ರಕಟಣೆಗೆ ಆಯ್ಕೆಯಾಗಿಲ್ಲ’ ಎಂಬ ಚೀಟಿ ಅಂಟಿಸಿ ಹಿಂದಿರುಗಿಸಬಹುದಿತ್ತು. ಹಾಗೆ ಮಾಡದಿರುವುದಕ್ಕೆ ಕಾರಣವಿದೆ. ಆರು ಪುಟಗಳ ಈ ಬರಹದಲ್ಲಿ ಮೂರು ಕಡೆ, ಬಹುಶಃ ನಿಮಗೇ ಅರಿವಿಲ್ಲದೆ, ಒಳ್ಳೆಯ ಲೇಖನವೊಂದು ತಲೆಯೆತ್ತುತ್ತದೆ. ಮೂರೂ ಕಡೆ ನೀವೇ ಅದರ ತಲೆಯ ಮೇಲೆ ಮೊಟಕಿ ಕೂರಿಸಿದ್ದೀರಿ. ಶಾಲೆಯ ಅನುಭವ ಬರೆಯುವ ಉಳಿದವರಿಗೂ ಉಪಯೋಗವಾಗಲೆಂದು ನಿಮ್ಮ ಹೆಸರು, ಊರು ತೆಗೆದು ಈ ಉತ್ತರವನ್ನು ಪತ್ರಿಕೆಯಲ್ಲಿಯೇ ಹಾಕುತ್ತಿದ್ದೇನೆ. ನೀವು ಗದಗ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೀರಿ, ಏಳನೆಯ ತರಗತಿಯ ಮಕ್ಕಳಿಗೆ ಪಿರಮಿಡ್ಡಿನ ಘನಫಲ ಕಂಡುಹಿಡಿಯಲು ಕಲಿಸಿದ ಬಗೆಯನ್ನು ಬರೆದಿದ್ದೀರಿ ಎಂದಷ್ಟು ತಿಳಿದರೆ ಓದುಗರಿಗೆ ಸಾಕು.

ಮೊದಲ ಎರಡೂವರೆ ಪುಟಗಳನ್ನು ತೆಗೆದುಹಾಕಿ. ಫೇರೋಗಳು, ಮಮ್ಮಿಗಳು, ರಟ್ಟಿನ ಪಿರಮಿಡ್ಡಿನ ಕೆಳಗಿಟ್ಟ ಹಾಲು ಹುಳಿಯಾಗುವುದಿಲ್ಲ, ಬ್ಲೇಡು ಮೊಂಡಾಗುವುದಿಲ್ಲ ಎಂಬ ಕತೆಗಳು ನಮಗೆ ಬೇಡ. ಅದನ್ನು ನಂಬಿದ ಹುಡುಗ ಮನೆಯ ಹಾಲು ಕೆಡಿಸಿ ಅವ್ವನ ಕೈಯಲ್ಲಿ ಏಟು ತಿನ್ನುತ್ತಾನೆ, ಅಷ್ಟೇ. ಗೀಜಾದ ಮಹಾ ಪಿರಮಿಡ್ಡಿನ ಪಾದದ ಬಾಹು 230 ಮೀಟರ್, ಕಟ್ಟಿದಾಗಿನ ಎತ್ತರ 146 ಮೀಟರ್ ಎಂದು ಬರೆದಿದ್ದೀರಿ, ಹೆಚ್ಚುಕಡಿಮೆ ಸರಿಯೇ. ಘನಫಲದ ಬಗ್ಗೆ ಲೇಖನ ಬರೆಯಲು ಕುಳಿತವರು ಆ ಎರಡು ಅಂಕಿಗಳನ್ನು ಮುಂದಿಟ್ಟುಕೊಂಡೂ ಲೆಕ್ಕ ಮಾಡದೆ ಮುಂದೆ ಹೋದರಲ್ಲ ಎಂಬುದು ನನ್ನ ಸೋಜಿಗ. ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿ ಮೂರರಿಂದ ಭಾಗಿಸಿದ್ದರೆ 26 ಲಕ್ಷ ಘನ ಮೀಟರಿನ ಆಸುಪಾಸು ಬರುತ್ತಿತ್ತು. ನೀವು ಹೇಳಿದ ಎಲ್ಲ ಪವಾಡಗಳಿಗಿಂತ ಅದು ದೊಡ್ಡದು.

ಇನ್ನು ಮೂರನೆಯ ಪುಟ. ನನ್ನ ತಕರಾರು ಇರುವುದೇ ಇಲ್ಲಿ. ನಿಮ್ಮ ಸಾಲುಗಳು ಹೀಗಿವೆ: ‘ಹತ್ತು ಸೆಂಟಿಮೀಟರ್ ಬಾಹುವಿನ, ಮೇಲೆ ತೆರೆದ ರಟ್ಟಿನ ಘನ ಮಾಡಿಸಿದೆ. ಹತ್ತು ಸೆಂಟಿಮೀಟರ್ ಪಾದ, ಹತ್ತು ಸೆಂಟಿಮೀಟರ್ ಎತ್ತರವಿರುವ ನಾಲ್ಕು ತ್ರಿಕೋನಗಳನ್ನು ಅಂಟಿಸಿ ಪಿರಮಿಡ್ ಮಾಡಿಸಿದೆ. ಅದರಲ್ಲಿ ಜೋಳ ತುಂಬಿ ಘನಕ್ಕೆ ಸುರಿದಾಗ ಸರಿಯಾಗಿ ಮೂರು ಸಲಕ್ಕೆ ತುಂಬಿತು. ಮಕ್ಕಳು ಹರ್ಷದಿಂದ ಚಪ್ಪಾಳೆ ತಟ್ಟಿದರು.’

ತುಂಬಲಾರದು, ಮಾಸ್ತರರೇ. ತ್ರಿಕೋನದ ಎತ್ತರ ಹತ್ತಾದರೆ ಅದು ಪಿರಮಿಡ್ಡಿನ ಓರೆ ಎತ್ತರ. ನಾಲ್ಕೂ ತ್ರಿಕೋನಗಳು ಒಳಕ್ಕೆ ವಾಲಿ ತುದಿಯಲ್ಲಿ ಕೂಡಿದಾಗ ನೆಟ್ಟನೆಯ ಎತ್ತರ ತಗ್ಗುತ್ತದೆ. ಪಾದದ ನಡುವಿನಿಂದ ಅಂಚಿಗೆ ಐದು ಸೆಂಟಿಮೀಟರ್. ಹತ್ತರ ವರ್ಗ ನೂರರಲ್ಲಿ ಐದರ ವರ್ಗ ಇಪ್ಪತ್ತೈದು ಕಳೆದರೆ ಎಪ್ಪತ್ತೈದು. ಅದರ ವರ್ಗಮೂಲ ಸುಮಾರು 8.66. ಅಂದರೆ ನಿಮ್ಮ ಪಿರಮಿಡ್ಡು ಹಿಡಿಯುವುದು 289 ಘನ ಸೆಂಟಿಮೀಟರ್. ಸಾವಿರ ಹಿಡಿಯುವ ಘನಕ್ಕೆ ಅಂಥವು ಮೂರೂವರೆಯ ಹತ್ತಿರ ಬೇಕು. ಮೂರು ಸಲ ಸುರಿದ ಮೇಲೂ ಘನದ ಬಾಯಿಯಲ್ಲಿ 1.3 ಸೆಂಟಿಮೀಟರ್ ಖಾಲಿ ಉಳಿಯುತ್ತದೆ. ಇದು ಹಿಂದಿನ ಬೆಂಚಿನವನಿಗೂ ಕಾಣುವಷ್ಟು ಜಾಗ.

ನೀವು ಪ್ರಯೋಗ ಮಾಡದೆಯೇ ಬರೆದಿರಿ ಎಂದು ನಾನು ಹೇಳುವುದಿಲ್ಲ. ಅದೇ ಪುಟದಲ್ಲಿ, ‘ಅಂಟು ಒಣಗುವ ಮೊದಲೇ ಸುರಿದದ್ದರಿಂದ ಒಂದು ಮೂಲೆ ಬಿಚ್ಚಿ ಜೋಳವೆಲ್ಲ ಚೆಲ್ಲಾಪಿಲ್ಲಿಯಾಯಿತು, ಬಿಸಿಯೂಟದ ಅಡುಗೆಯವರು ಬಂದು ಬೈದರು’ ಎಂಬ ಸಾಲಿದೆ. ಮಾಡದವರಿಗೆ ಆ ಸಾಲು ಹೊಳೆಯುವುದಿಲ್ಲ. ನೀವು ಮಾಡಿದ್ದೀರಿ, ಖಾಲಿ ಉಳಿದದ್ದನ್ನು ನೋಡಿದ್ದೀರಿ, ಬರೆಯಲು ಕುಳಿತಾಗ ಮಾತ್ರ ಸೂತ್ರದ ಮರ್ಯಾದೆ ಕಾಯಲು ಅದನ್ನು ಮುಚ್ಚಿಟ್ಟಿದ್ದೀರಿ. ಪಾಠವಿದ್ದದ್ದು ಆ 1.3 ಸೆಂಟಿಮೀಟರಿನಲ್ಲಿ. ‘ಪುಸ್ತಕದಲ್ಲಿ ಮೂರು ಅಂತಿದೆ, ನಮ್ಮದು ಯಾಕೆ ತುಂಬಲಿಲ್ಲ?’ ಎಂದು ತರಗತಿಗೆ ಕೇಳಿದ್ದರೆ ಒಬ್ಬರಾದರೂ ಪಿರಮಿಡ್ಡಿನ ಪಕ್ಕ ಸ್ಕೇಲು ನೆಟ್ಟಗೆ ನಿಲ್ಲಿಸಿ ನೋಡುತ್ತಿದ್ದರು. ಎತ್ತರ, ಓರೆ ಎತ್ತರಗಳ ವ್ಯತ್ಯಾಸ ಆ ಕ್ಷಣದಲ್ಲಿ ತಲೆಗೆ ಹೋದರೆ, ಮುಂದೆ ಪ್ರೌಢಶಾಲೆಯಲ್ಲಿ ಶಂಕು ಬಂದಾಗಲೂ ಗೊಂದಲವಾಗುವುದಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಮೂರರಿಂದ ಭಾಗಿಸುವುದನ್ನು ಮರೆತು ಮಾತ್ರವಲ್ಲ, ಓರೆ ಎತ್ತರವನ್ನೇ ಎತ್ತರವೆಂದು ಹಾಕಿ ಕೂಡ.

ನೆಟ್ಟನೆಯ ಎತ್ತರ ಹತ್ತೇ ಬರಬೇಕಾದರೆ ತ್ರಿಕೋನದ ಎತ್ತರ 11.2 ಸೆಂಟಿಮೀಟರ್ ಇರಬೇಕು. ಏಳನೆಯವರಿಗೆ ವರ್ಗಮೂಲದ ಗೋಜು ಬೇಡವೆಂದರೆ, ಕಾಗದದ ಮೇಲೆ ಐದು ಮತ್ತು ಹತ್ತು ಸೆಂಟಿಮೀಟರ್ ಬಾಹುಗಳ ಲಂಬಕೋನ ಬರೆದು ತುದಿಗಳನ್ನು ಸೇರಿಸಿ ಅಳೆಯಲು ಹೇಳಿ; 11.2 ತಾನಾಗಿ ಬರುತ್ತದೆ. ಜೋಳದ ಬದಲು ಸಣ್ಣ ರವೆ ಬಳಸಿ. ಜೋಳದ ಕಾಳು ಚೂಪು ಮೂಲೆಗೆ ಇಳಿಯುವುದಿಲ್ಲ. ಪ್ರತಿ ಸಲವೂ ಸ್ಕೇಲಿನಿಂದ ಮಟ್ಟ ಮಾಡಿ. ತೆಳು ಹಾಳೆಯಾದರೆ ಭಾರಕ್ಕೆ ಗೋಡೆ ಉಬ್ಬುತ್ತದೆ, ದಪ್ಪ ರಟ್ಟಾದರೆ ಒಳಗಿನ ಅಳತೆ ಕಡಿಮೆಯಾಗುತ್ತದೆ. ಇಷ್ಟೆಲ್ಲ ಮಾಡಿದರೂ ಕರಾರುವಾಕ್ಕಾಗಿ ಮೂರು ಬರುವುದಿಲ್ಲ. ಎಷ್ಟು ಬಂತೋ ಅಷ್ಟನ್ನೇ ಬರೆಯಿರಿ. ಓದುವವರಲ್ಲಿ ಹೆಚ್ಚಿನವರು ನಿಮ್ಮಂತೆಯೇ ಶಿಕ್ಷಕರು, ಅವರಿಗೆ ರವೆಯ ಸ್ವಭಾವ ಗೊತ್ತು.

ನಾಲ್ಕನೆಯ ಪುಟದಲ್ಲಿ ಒಂದೇ ಒಂದು ಸಾಲು: ‘ಎಷ್ಟನೆಯ ಭಾಗವಿರಬಹುದು ಎಂದು ಕೇಳಿದಾಗ ಒಬ್ಬ ಹುಡುಗಿ ಅರ್ಧ ಎಂದಳು. ತಪ್ಪೆಂದು ತಿದ್ದಿ, ಸೂತ್ರ ಬರೆಸಿದೆ.’ ಬರೆಸಿದಿರಿ, ಸರಿ. ಆದರೆ ಅವಳು ಅರ್ಧ ಎಂದದ್ದು ಏಕೆಂದು ಕೇಳಿದಿರಾ? ಅವಳ ಹಿಂದೆ ಗಟ್ಟಿ ಕಾರಣವಿದೆ. ಆಯತದೊಳಗೆ ಅದೇ ಪಾದ, ಅದೇ ಎತ್ತರದ ತ್ರಿಕೋನ ಅರ್ಧ ಎಂದು ಕಲಿಸಿದವರೇ ನೀವು. ಅದನ್ನು ಅವಳು ಒಂದು ಆಯಾಮ ಮೇಲಕ್ಕೆ ಒಯ್ದಿದ್ದಾಳೆ. ಇಡೀ ತರಗತಿಯಲ್ಲಿ ಆ ಹೊತ್ತು ಗಣಿತ ಮಾಡುತ್ತಿದ್ದವಳು ಅವಳೊಬ್ಬಳೇ ಎಂದರೆ ಕೋಪ ಮಾಡಿಕೊಳ್ಳಬೇಡಿ.

ಅವಳ ಜೊತೆಗೆ ಯಾರಿದ್ದಾರೆ ನೋಡಿ. 499ರ ಆರ್ಯಭಟೀಯದ ಗಣಿತಪಾದದಲ್ಲಿ, ಆರನೆಯ ಶ್ಲೋಕದ ಮೊದಲರ್ಧ ತ್ರಿಕೋನದ ವಿಸ್ತೀರ್ಣ ಹೇಳುತ್ತದೆ: ಪಾದ, ಎತ್ತರಗಳ ಗುಣಲಬ್ಧದ ಅರ್ಧ. ಅದೇ ಶ್ಲೋಕದ ಎರಡನೆಯರ್ಧ ಆರು ಅಂಚುಗಳ ಘನಾಕೃತಿಯನ್ನು, ಅಂದರೆ ತ್ರಿಕೋನ ಪಾದದ ಪಿರಮಿಡ್ಡನ್ನು ಹೇಳುತ್ತದೆ: ವಿಸ್ತೀರ್ಣ, ಎತ್ತರಗಳ ಗುಣಲಬ್ಧದ ಅರ್ಧ. ಆ ಸಾಲಿಗೆ ಬೇರೆ ಅರ್ಥ ಹಚ್ಚಿ ಆಚಾರ್ಯರನ್ನು ಉಳಿಸಲು ಕೆಲವು ವಿದ್ವಾಂಸರು ಹೆಣಗಿದ್ದಾರೆ. ಶಬ್ದಗಳು ಹೇಳುವುದು ಮಾತ್ರ ಅರ್ಧವೆಂದೇ. 628ರಲ್ಲಿ ಬ್ರಹ್ಮಗುಪ್ತ ಮೂರನೆಯ ಒಂದು ಎಂದು ಸರಿಯಾಗಿ ಹೇಳಿದ. 1150ರಲ್ಲಿ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ, ಗುಂಡಿ ತೋಡುವ ಲೆಕ್ಕಗಳ ನಡುವೆ, ಸೂಜಿಯಂತೆ ಚೂಪಾಗುವ ಗುಂಡಿಯ ಘನಫಲ, ಮೇಲೂ ಕೆಳಗೂ ಒಂದೇ ಅಳತೆಯ ಸಮ ಗುಂಡಿಯ ಮೂರನೆಯ ಒಂದು ಭಾಗ ಎಂದ. ಎರಡೂವರೆ ಪುಟ ಮಮ್ಮಿಗಳಿಗೆ ಕೊಟ್ಟಿರಿ. ಅರ್ಧ ಪುಟ ಈ ಹುಡುಗಿಗೂ ಆರ್ಯಭಟನಿಗೂ ಕೊಡಿ.

ಅವಳಿಗೆ ಉತ್ತರ ಹೇಳುವುದು ಕಷ್ಟವಲ್ಲ. ಹತ್ತು ಮೆಟ್ಟಿಲುಗಳ ಪಿರಮಿಡ್ಡನ್ನು ಸಣ್ಣ ಘನಗಳಿಂದ ಕಟ್ಟಿದ್ದೇವೆಂದು ಹಾಳೆಯ ಮೇಲೆ ಲೆಕ್ಕ ಹಾಕಿಸಿ. ತಳದ ಪದರದಲ್ಲಿ ಹತ್ತು ಹತ್ತಲೆ ನೂರು, ಅದರ ಮೇಲೆ ಎಂಬತ್ತೊಂದು, ಅರವತ್ತನಾಲ್ಕು, ಹೀಗೆ ತುದಿಯ ಒಂದರ ತನಕ. ಕೂಡಿದರೆ 385. ಪೂರ್ತಿ ಘನಕ್ಕೆ ಬೇಕಾದದ್ದು 1000. ಮೆಟ್ಟಿಲುಗಳ ಮೂಲೆಗಳು ನಯವಾದ ಪಿರಮಿಡ್ಡಿನಿಂದ ಹೊರಗೆ ಚಾಚಿಕೊಂಡಿವೆ. ಅವನ್ನೂ ಸೇರಿಸಿ 385 ಆದರೆ ನಯವಾದದ್ದು 500 ಆಗುವುದು ಹೇಗೆ? ಅರ್ಧ ಅಲ್ಲವೆಂದು ಅಲ್ಲಿಗೆ ಅವಳೇ ಒಪ್ಪುತ್ತಾಳೆ. ಮೆಟ್ಟಿಲುಗಳನ್ನು ಇಪ್ಪತ್ತು ಮಾಡಿದರೆ 8000ದಲ್ಲಿ 2870, ಅಂದರೆ ಸಾವಿರಕ್ಕೆ 359. ನೂರು ಮೆಟ್ಟಿಲಿಗೆ ಸಾವಿರಕ್ಕೆ 338. ಎಲ್ಲಿಗೆ ಹೊರಟಿದೆ ಎಂದು ಮಕ್ಕಳೇ ಹೇಳಲಿ.

ಕೈಯಲ್ಲಿ ಹಿಡಿದು ನೋಡಬೇಕೆನ್ನುವವರಿಗೆ ಇನ್ನೊಂದು ದಾರಿಯಿದೆ. ತುದಿಯು ಪಾದದ ಒಂದು ಮೂಲೆಯ ನೇರ ಮೇಲೆ ಬರುವಂಥ ಪಿರಮಿಡ್ಡನ್ನು ಮಾಡಿಸಿ. ಹತ್ತರ ಒಂದು ಚೌಕ. ಒಂದೇ ಮೂಲೆಯಲ್ಲಿ ಕೂಡುವ ಎರಡು ಅಂಚುಗಳಿಗೆ ಹತ್ತು, ಹತ್ತು ಬಾಹುಗಳ ಲಂಬಕೋನ ತ್ರಿಕೋನಗಳು. ಉಳಿದೆರಡು ಅಂಚುಗಳಿಗೂ ಲಂಬಕೋನ ತ್ರಿಕೋನಗಳೇ, ಆದರೆ ಒಂದು ಬಾಹು ಹತ್ತು, ಇನ್ನೊಂದು ಆ ಚೌಕದ ಕರ್ಣದಷ್ಟು. ಕರ್ಣವನ್ನು ಸ್ಕೇಲಿನಿಂದ ಅಳೆದರಾಯಿತು, 14.1 ಬರುತ್ತದೆ. ಇಂಥ ಮೂರನ್ನು ತುದಿಗೆ ತುದಿ ಕೂಡಿಸಿದರೆ ಸಂದಿಲ್ಲದ ಘನ. ಸುರಿಯುವುದೂ ಬೇಡ, ಚೆಲ್ಲುವುದೂ ಬೇಡ, ಅಡುಗೆಯವರ ಬೈಗುಳವೂ ಇಲ್ಲ. ರವೆ ಸುರಿದರೆ ಮೂರು ಎಂದು ಕಾಣುತ್ತದೆ, ಏಕೆ ಮೂರು ಎಂದು ಕಾಣುವುದಿಲ್ಲ. ಇಲ್ಲಿ ಅದು ಕಾಣುತ್ತದೆ. ಘನದ ಮಟ್ಟಿಗೆ ಮಾತ್ರ ಎಂಬುದನ್ನು ಬರೆಯಲು ಮರೆಯಬೇಡಿ. ಎತ್ತರ ಬೇರೆಯಾದರೆ ಪದರಗಳ ಲೆಕ್ಕಕ್ಕೇ ಮರಳಬೇಕು.

ಕೊನೆಯ ಪುಟದಲ್ಲಿ ನೀವು ಗೊಣಗಿಕೊಂಡಿದ್ದೀರಿ: ‘ಶಾಲೆಯ ಹಿಂದಿನ ಹೊಲದಲ್ಲಿ ಕೃಷಿ ಹೊಂಡ ತೆಗೆಯುತ್ತಿದ್ದುದರಿಂದ ಮಕ್ಕಳ ಗಮನವೆಲ್ಲ ಜೆಸಿಬಿಯ ಕಡೆಗೇ ಇತ್ತು.’ ಗಮನ ಇರಬೇಕಾದ ಕಡೆಗೇ ಇತ್ತು. ಕೃಷಿ ಹೊಂಡವೆಂದರೆ ತಲೆಕೆಳಗಾದ, ತುದಿ ಕತ್ತರಿಸಿದ ಪಿರಮಿಡ್ಡು. ದಂಡೆ ಕುಸಿಯಬಾರದೆಂದು ಬದಿಗಳನ್ನು ಓರೆಯಾಗಿ ಕಡಿಯುತ್ತಾರೆ. ಮೇಲೆ 21 ಮೀಟರ್ ಚೌಕ, ಆಳ 3 ಮೀಟರ್ ಎನ್ನಿ. ಒಂದು ಮೀಟರ್ ಇಳಿದಾಗ ಪ್ರತಿ ಬದಿಯೂ ಒಂದೂವರೆ ಮೀಟರ್ ಒಳಗೆ ಸರಿದರೆ ತಳದಲ್ಲಿ 12 ಮೀಟರ್ ಚೌಕ ಉಳಿಯುತ್ತದೆ. ಮೂರು ಮೀಟರಿಗೆ ಒಂಬತ್ತು ಕುಗ್ಗಿತು, ಉಳಿದ ಹನ್ನೆರಡು ಕುಗ್ಗಲು ಇನ್ನೂ ನಾಲ್ಕು ಮೀಟರ್ ಬೇಕು. ತುದಿಯ ತನಕ ತೋಡಿದ್ದರೆ ಆಳ ಏಳು, ಘನಫಲ 441 ಗುಣಿಲೆ 7 ಭಾಗಿಲೆ 3, ಅಂದರೆ 1029. ತೋಡದೆ ಬಿಟ್ಟ ಚೂಪು 144 ಗುಣಿಲೆ 4 ಭಾಗಿಲೆ 3, ಅಂದರೆ 192. ಕಳೆದರೆ 837 ಘನ ಮೀಟರ್. ಎಂಟು ಲಕ್ಷ ಮೂವತ್ತೇಳು ಸಾವಿರ ಲೀಟರ್ ನೀರು.

ಈಗ ರೂಢಿಯಲ್ಲಿರುವ ಅಡ್ಡದಾರಿಗಳನ್ನು ಇದರೊಂದಿಗೆ ತಾಳೆ ಹಾಕಿಸಿ. ಮೇಲಿನ ಮತ್ತು ತಳದ ವಿಸ್ತೀರ್ಣಗಳ ಸರಾಸರಿ ಹಿಡಿದು ಆಳದಿಂದ ಗುಣಿಸಿದರೆ 877.5. ಬಾಹುಗಳ ಸರಾಸರಿ ಹದಿನಾರೂವರೆ ಹಿಡಿದು ಮಾಡಿದರೆ 816.75. ಮಣ್ಣು ತೆಗೆದವರಿಗೆ ಮೊದಲನೆಯ ಲೆಕ್ಕ ರುಚಿಸುತ್ತದೆ, ಹಣ ಕೊಡುವವರಿಗೆ ಎರಡನೆಯದು. ಹೊಲದವರ ಮಕ್ಕಳು ಈ ಲೆಕ್ಕವನ್ನು ಮನೆಗೆ ಒಯ್ದು ಅಪ್ಪನ ಮುಂದೆ ಹಿಡಿದಾರು.

ಇಷ್ಟಾದ ಮೇಲೂ ಈಜಿಪ್ಟ್ ಬಿಡಲು ಮನಸ್ಸು ಬಾರದಿದ್ದರೆ ಬೇರೊಂದು ಈಜಿಪ್ಟ್ ತನ್ನಿ. ಕ್ರಿ.ಪೂ. 1850ರ ಸುಮಾರಿನದೆಂದು ಎಣಿಸುವ ಮಾಸ್ಕೋ ಪಪೈರಸ್ ಎಂಬ ಈಜಿಪ್ಟಿನ ಗಣಿತದ ಹಸ್ತಪ್ರತಿಯ ಹದಿನಾಲ್ಕನೆಯ ಲೆಕ್ಕ ತುದಿ ಕತ್ತರಿಸಿದ ಪಿರಮಿಡ್ಡಿನದು. ತಳ 4, ಮೇಲೆ 2, ಎತ್ತರ 6. ನಾಲ್ಕರ ವರ್ಗ ಹದಿನಾರು, ನಾಲ್ಕೆರಡಲೆ ಎಂಟು, ಎರಡರ ವರ್ಗ ನಾಲ್ಕು ಕೂಡಿ 28; ಎತ್ತರದ ಮೂರನೆಯ ಒಂದು 2; ಉತ್ತರ 56. ಅದೇ ಕ್ರಮವನ್ನು ನಿಮ್ಮ ಹೊಂಡಕ್ಕೆ ಹಚ್ಚಿ: 441, 252, 144 ಕೂಡಿ 837, ಆಳದ ಮೂರನೆಯ ಒಂದು 1. ಫೇರೋನ ಲಿಪಿಕಾರನೂ ಎರೆ ಹೊಲದ ಜೆಸಿಬಿಯೂ ಒಂದೇ ಉತ್ತರಕ್ಕೆ ಬರುವುದನ್ನು ಮಕ್ಕಳಿಗೆ ತೋರಿಸಲು ಪಿರಮಿಡ್ಡಿನ ಕೆಳಗೆ ಹಾಲಿಡಬೇಕಾಗಿಲ್ಲ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಕನ್ನಡ ಚೆನ್ನಾಗಿದೆ, ಕೈ ಕಟ್ಟಿ ನಿಲ್ಲದಿದ್ದಾಗ. ‘ಜ್ಞಾನಜ್ಯೋತಿ ಬೆಳಗಿತು’, ‘ಮಕ್ಕಳ ಮೊಗದಲ್ಲಿ ಮಂದಹಾಸ’ ಇವೆಲ್ಲ ಸಮಾರಂಭದ ವರದಿಯ ಮಾತುಗಳು. ಚಪ್ಪಾಳೆ ಆರು ಪುಟಗಳಲ್ಲಿ ನಾಲ್ಕು ಸಲ ಬಂದಿದೆ, ಒಂದೂ ಬೇಡ. ಅಡುಗೆಯವರು ಬೈದದ್ದನ್ನು ಇಟ್ಟುಕೊಳ್ಳಿ.

ಹೊಂಡಕ್ಕೆ ಮಕ್ಕಳನ್ನು ಕರೆದೊಯ್ಯುವುದಾದರೆ ನೀರು ಪೂರ್ತಿ ಬತ್ತಿದ ಮೇಲೆ, ಹೊಲದವರನ್ನು ಕೇಳಿ, ಇನ್ನೊಬ್ಬ ಶಿಕ್ಷಕರನ್ನು ಜೊತೆಗಿಟ್ಟುಕೊಂಡು ಹೋಗಿ. ನೀರಿರುವಾಗ ಆ ಓರೆಯಲ್ಲಿ ಜಾರಿದವರು ಮೇಲೆ ಹತ್ತುವುದು ಕಷ್ಟ. ದಂಡೆಯ ಮೇಲಿನ ಅಳತೆಗೆ ಟೇಪು, ತಳದ ಅಳತೆಗೆ ದೊಡ್ಡವರು. ನಾನು ಕೊಟ್ಟ 21, 12, 3 ಅನ್ನು ಲೇಖನಕ್ಕೆ ಇಳಿಸಬೇಡಿ. ನಿಮ್ಮ ಹೊಂಡದ ಅಂಕಿಗಳು ಇಷ್ಟು ನೆಟ್ಟಗೆ ಬರುವುದಿಲ್ಲ, ಬಂದಂತೆಯೇ ಬರೆಯಿರಿ. ಚಿತ್ರಗಳನ್ನು ಮಕ್ಕಳಿಂದಲೇ ಬರೆಸಿ. ಮೊಬೈಲಿನಲ್ಲಿ ತೆಗೆದ ಫೋಟೊ ಆದರೆ ಸ್ಕೇಲಿನ ಅಂಕಿ ಓದುವಂತಿರಲಿ. ನಾಲ್ಕು ಪುಟ ಮೀರಬೇಡಿ. ಮಾರ್ಚ್ ಕೊನೆಯೊಳಗೆ ಕೈಸೇರಿದರೆ, ಶಾಲೆ ತೆರೆಯುವ ಹೊತ್ತಿನ ಜೂನ್ ಸಂಚಿಕೆಯಲ್ಲಿ ಹಾಕುತ್ತೇನೆ.

ಸಂಪಾದಕ,
ಧಾರವಾಡ