ಹಳೇ ಮನಿ ಮಲ್ಲಿಗಿ, ಬಿಸಿ ರೊಟ್ಟಿ, ಬಾದಾಮಿ ಕೆರಿ

ಗದಗದಿಂದ ಒಬ್ರು ಓದುಗರು: ಅಕ್ಕಾರ, ನಿಮ್ಮ ಕತಿಯಾಗ ಎಲ್ಲೋ ಒಂದ ಕಡೆ ಮಲ್ಲಿಗಿ ಬಂದ ಬರ್ತೈತಿ. ಬಾಗಲಕೋಟಿ ಬಿಸಲಾಗ ಗಿಡಾ ಹೆಂಗ ಉಳಿಸ್ಕೊಂಡೀರಿ?

ಅಣ್ಣಾರ, ಅದು ನಮ್ಮ ಹಳೇ ಬಾಗಲಕೋಟಿ ಮನಿ ಗಿಡಾರಿ. ಆಲಮಟ್ಟಿ ಡ್ಯಾಮಿನ ಹಿನ್ನೀರು ಘಟಪ್ರಭಾ ಹೊಳಿ ಹಿಡದು ಊರ ತನಕ ಬರ್ತೈತಿ ಅಂದಾಗ ನಮ್ಮ ಓಣಿನೂ ಮುಳುಗಡಿ ಆತು, ಗಂಟು ಮೂಟಿ ಕಟ್ಕೊಂಡು ನವನಗರಕ್ಕ ಬಂದ್ವಿ. ಬಾಗಲಾ, ಕಿಡಕಿ, ತೊಲಿ ಎಲ್ಲಾ ಕಿತ್ತು ಟ್ರ್ಯಾಕ್ಟರಿಗೆ ಹೇರಿದಮ್ಯಾಲೆ ನಮ್ಮ ಅತ್ತಿಯವ್ರು ಹಿತ್ತಲಕ್ಕ ಹೋಗಿ ದುಂಡ ಮಲ್ಲಿಗಿದು ನಾಕ ಟೊಂಗಿ ಕೊಯ್ದು, ಹಸಿ ಅರಿವ್ಯಾಗ ಸುತ್ತಿ, ಎಣ್ಣಿ ಡಬ್ಬ್ಯಾಗ ಇಟ್ಟು, ದಾರಿ ತುಂಬ ತೊಡಿ ಮ್ಯಾಲ ಹಿಡ್ಕೊಂಡ ಕುಂತಿದ್ರು. ನಾಕರಾಗ ಬದುಕಿದ್ದು ಒಂದ.

ಈಗ ಅದು ಕಂಪೌಂಡ್ ಗೋಡಿಗಿಂತ ಎತ್ತರ ಐತಿ. ಚಳಿಗಾಲದಾಗ ಟೊಂಗಿ ಸವರ್ತೀನಿ, ಆಮ್ಯಾಲ ಒಂದಿಷ್ಟ ದಿನ ನೀರು ಬಾಳ ಕಡಿಮಿ ಮಾಡ್ತೀನಿ, ಎಲಿ ಉದುರತಾವ, ಹೆದರಬ್ಯಾಡ್ರಿ, ಆಮ್ಯಾಲ ಬುಡಾ ಸಡಿಲ ಮಾಡಿ ತಿಪ್ಪಿಗೊಬ್ಬರ ಹಾಕಿ ಪೂರಾ ನೀರು ಬಿಟ್ರ ಶಿವರಾತ್ರಿ ಮುಂದ ಚಿಗರ್ತೈತಿ, ಯುಗಾದಿ ಹೊತ್ತಿಗೆ ಮೊಗ್ಗಿ. ಬ್ಯಾಸಗ್ಯಾಗ ಬುಡಕ್ಕ ಜ್ವಾಳದ ಕಣಕಿ ಸಣ್ಣಗ ಕಡದು ಹಾಸ್ರಿ, ಮಣ್ಣು ಹಸಿ ಉಳಿತೈತಿ. ನೀರು ಸಂಜಿಮುಂದನ ಹಾಕ್ರಿ.

ಬೆಂಗಳೂರಿನಿಂದ, ವಿಜಯಪುರದ ಮಗಳು ಅಂತ ಬರದಾರ: ನಾ ಮಾಡಿದ ರೊಟ್ಟಿ ಬಡಿಯೂವಾಗನ ಹರೀತಾವ್ರಿ ಅಕ್ಕಾ. ಅವ್ವಗ ಫೋನ್ ಮಾಡಿದ್ರ "ರೂಢಿ ಆಗ್ಬೇಕು" ಅಂತಾಳ. ಏನ ತಪ್ಪತೈತಿ?

ತಂಗಿ, ನಿಮ್ಮವ್ವ ಹೇಳಿದ್ದು ಖರೇನ, ಆದ್ರ ರೂಢಿ ಆಗೂಮಟ ಏನ ಮಾಡ್ಬೇಕಲ್ಲಾ. ಮೊದಲ ಹಿಟ್ಟು ನೋಡು. ತಿಂಗಳಗಟ್ಟಲೆ ಪಾಕೀಟಿನ್ಯಾಗಿದ್ದ ಹಿಟ್ಟಿಗೆ ಜಿಗಿ ಇರೂದಿಲ್ಲ, ಊರಿಗೆ ಬಂದಾಗ ಮಾಲದಂಡಿ ಬಿಳಿಜ್ವಾಳ ತಗೊಂಡ ಹೋಗಿ ಅಲ್ಲೇ ಗಿರಣ್ಯಾಗ ಎಂಟ ದಿನಕ್ಕಾಗೂವಷ್ಟ ಬೀಸಿಸ್ಕೋ. ಗೋದಿ ಹಿಟ್ಟಿನ್ಯಾಗ ಅಂಟು ತಾನ ಇರ್ತೈತಿ, ಜ್ವಾಳದಾಗ ಅದು ಇಲ್ಲ, ಜ್ವಾಳಕ್ಕ ಜಿಗಿ ಬರೂದು ಕುದಿಯೂ ಎಸರಿನಿಂದ. ಅದಕ್ಕ ನೀರು ಉಗುರುಬೆಚ್ಚಗ ಇದ್ರ ನಡೆಯಂಗಿಲ್ಲ, ಬುಳುಬುಳು ಕುದೀಬೇಕು. ಹಿಟ್ಟಿನ ನಡಕ ಕುಣಿ ಮಾಡಿ ಎಸರು ಹಾಕು, ಸೌಟಿನ ಹಿಡಕಿಲೆ ತಿರುವಿ ಒಂದೆರಡ ನಿಮಿಷ ಮುಚ್ಚಿಡು, ಕೈ ತಾಳೂವಷ್ಟ ಬಿಸಿ ಇದ್ದಾಗನ ಅಂಗೈ ಬುಡದಿಂದ ಒತ್ತಿ ಒತ್ತಿ ನಾದು. ಎಲ್ಲಾ ಹಿಟ್ಟು ಒಮ್ಮಿಗೆ ನಾದಬ್ಯಾಡ, ಒಂದ ರೊಟ್ಟಿಗೆ ಆಗೂವಷ್ಟ ತಗೊಂಡು ಮತ್ತ ತಿಕ್ಕು, ಉಂಡಿ ಅಂಚು ಸೀಳೂದು ನಿಂತ್ರ ಹದಾ ಬಂತು ಅಂತ ತಿಳಕೋ. ಬಡಿಯೂವಾಗ ಬಲಗೈ ಬಡೀಬೇಕು, ಎಡಗೈ ಅಂಚು ಹಿಡದು ತಿರುಗಿಸ್ಬೇಕು. ಹಂಚಿನ ಮ್ಯಾಲ ಹಾಕಿದ ಕೂಡ್ಲೆ ಹಸಿ ಅರಿವಿಲೆ ನೀರು ಸವರು, ನೀರು ಆರೂದರೊಳಗ ಹೊಳ್ಳಿ ಹಾಕು. ಉಬ್ಬಿದ ರೊಟ್ಟಿ ಒಡದಾಗ ಬರೂ ಹಬಿ ಐತಲ್ಲಾ, ಅದರ ವಾಸನಿಗೆ ನನಗ ನಮ್ಮವ್ವನ ಒಲಿ ಮುಂದ ಕುಂತಂಗ ಆಗ್ತೈತಿ. ಜೋಡಿ ಗುರೆಳ್ಳ ಹಿಂಡಿ, ಕೆನಿಮೊಸರು, ಹಸಿ ಉಳ್ಳಾಗಡ್ಡಿ ಇದ್ರ ಸಾಕು.

ಬೆಳಗಾವಿಯಿಂದ: ಮಕ್ಕಳನ್ನ ಕರ್ಕೊಂಡು ಒಂದ ದಿನದಾಗ ಬಾದಾಮಿ, ಪಟ್ಟದಕಲ್ಲು, ಐಹೊಳಿ ಮೂರೂ ಮುಗಿಸಬಹುದಾ ಮೇಡಂ?

ಮುಗಿಸಬಹುದ್ರಿ, ಗಾಡಿ ಇದ್ರ ಆಗ್ತೈತಿ. ಆದ್ರ ಮುಗಿಸೂದ್ಯಾಕ? 1987ರಾಗ ಯುನೆಸ್ಕೋ ಪಟ್ಟಿಗೆ ಸೇರಿದ ಪಟ್ಟದಕಲ್ಲು, ರವಿಕೀರ್ತಿ 634ರಾಗ ಪುಲಕೇಶಿ ಮ್ಯಾಲ ಬರೆದ ಶಾಸನ ಇರೂ ಐಹೊಳಿ ಮೇಗುತಿ ಗುಡಿ, ಇವಕ್ಕ ಇನ್ನೊಂದ ದಿನಾ ಬರ್ರಿ. ಮೊದಲನೇ ದಿನ ಬಾದಾಮಿ ಒಂದಕ್ಕ ಕೊಡ್ರಿ. ಮೂರನೇ ಗುಹಾದಾಗ ಮಂಗಲೇಶ ಬರಸಿದ 578ರ ಶಾಸನ ತೋರಸ್ರಿ, ಆಮ್ಯಾಲ ಕತ್ತೆತ್ತಿ ಕಂಬದ ಮ್ಯಾಲಿನ ಜೋಡಿ ಮೂರ್ತಿ ನೋಡ್ರಿ, ಗಿಡದ ಬುಡಕ ನಿಂತ ಗಂಡ ಹೆಂಡ್ತಿ, ಒಬ್ಬರ ಹೆಗಲ ಮ್ಯಾಲ ಒಬ್ಬರ ಕೈ. ನಾವು ಹೋದಾಗ ಮೊಮ್ಮಗಳು "ಇವ್ರು ಅಜ್ಜ ಅಜ್ಜಿನಾ?" ಅಂತ ಕೇಳಿದ್ಲು.

ಮಧ್ಯಾಹ್ನ ಊಟಕ್ಕ ಬನಶಂಕರಿಗೆ ಹೋಗ್ರಿ, ಗುಡಿ ಹತ್ರ ಅಜ್ಜಿಗೋಳು ಬುಟ್ಟ್ಯಾಗ ರೊಟ್ಟಿ, ಕೆಂಪ ಚಟ್ನಿ, ಗಡಿಗಿ ಮೊಸರು ತಂದಿರ್ತಾರ. ಸಂಜಿಕ ಬಾದಾಮಿ ಕೆರಿ, ಅಗಸ್ತ್ಯ ತೀರ್ಥದ ದಂಡಿಗೆ ಬಂದು ಸುಮ್ನ ಕುಂದ್ರರಿ. ಭೂತನಾಥ ಗುಡಿ ಮ್ಯಾಲ ಪಡುವಣ ಬಿಸಿಲು ಬೀಳ್ತೈತಿ, ಮೆಟ್ಟಲ ಮ್ಯಾಲ ಹೆಣಮಕ್ಕಳು ಅರಿವಿ ಒಗಿಯೂ ಸಪ್ಪಳ ಆಚಿ ಕೆಂಪಗುಡ್ಡಕ್ಕ ಬಡದು ತಿರಗಿ ಬರ್ತೈತಿ, ಒಂದ ಸಪ್ಪಳಕ್ಕ ಎರಡ ಕೇಳ್ತಾವ.

ಮುಧೋಳದಿಂದ: ಬರಿಯೂದು ಯಾವಾಗ್ರಿ?

ನಸುಕಿನ್ಯಾಗ ತಮ್ಮಾ, ಹಾಲಿನವ ಬರೂದಕ್ಕಿಂತ ಮೊದಲ.

ಹುನಗುಂದದಿಂದ: ದಿನದಾಗ ನಿಮಗ ಬಾಳ ಸೇರೂ ಹೊತ್ತು ಯಾವುದ್ರಿ ಅಕ್ಕಾರ?

ಮಲ್ಲಿಗಿ ದಿನದಾಗ, ಸಂಜಿ ಐದರ ಮುಂದ. ಅತ್ತಿಯವ್ರಿಗೆ ಈಗ ಕಣ್ಣು ಮಂಜು, ನಾನು ಮೊಮ್ಮಗಳು ಕೂಡಿ ಮೊಗ್ಗಿ ಹರದು ಅವರ ಉಡಿಗೆ ಹಾಕ್ತೀವಿ, ಅವ್ರು ಬೆರಳಿನಿಂದನ ಮುಟ್ಟಿ ಮುಟ್ಟಿ ಅರಳಿದ್ದು ಬ್ಯಾರೆ, ಮೊಗ್ಗಿ ಬ್ಯಾರೆ ಮಾಡಿ ಕಟ್ತಾರ. ಹಳೇ ಓಣ್ಯಾಗ ದಿನಾ ಒಂದ ತುಂಡು ಬಾಜೂಮನಿಗೆ ಕೊಡ್ತಿದ್ರು. ಆ ಬಾಜೂಮನಿಯವ್ರಿಗೆ ಇಲ್ಲಿ ಬ್ಯಾರೆ ಸೆಕ್ಟರಿನ್ಯಾಗ ಪ್ಲಾಟ್ ಬಂತು. ಇವತ್ತಿಗೂ ಅತ್ತಿಯವ್ರು ಮಾಲಿ ಕಟ್ಟಿ ಮುಗಿಸಿ, ಗೇಣ ಅಳತಿ ಮಾಡಿ, ಹರದು, "ಇದು ಬಾಜೂಕ ಕೊಟ್ಟ ಬಾ" ಅಂತಾರ. ನಾನು ಸ್ಕೂಟಿ ತಗೊಂಡು ಹೋಗಿ ಕೊಟ್ಟ ಬರ್ತೀನಿ.