ಸ್ಟುಟ್‌ಗಾರ್ಟ್ ಕಡೆ ಪುಡಿ ವಿಭಾಗಕ್ಕೆ ಬರುವ ಮುಂಚೆ

ನಮಸ್ಕಾರ. ಬೆಂಗಳೂರಲ್ಲಿ ಪಿಂಗಾಣಿ ಇನ್ಸುಲೇಟರ್ ಕೆಲಸ ಮಾಡಿದ್ದೀರಿ, ಜನವರಿಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಕೃತಕ ಸೊಂಟದ ಕೀಲಿಗೆ ಸೆರಾಮಿಕ್ ಚೆಂಡು ಮಾಡುವ ಕಾರ್ಖಾನೆಯ ಪುಡಿ ವಿಭಾಗ ಸೇರುತ್ತಿದ್ದೀರಿ, ಇಲ್ಲಿ ಹೇಗೆ ಅಂತ ಕೇಳಿದ್ದೀರಿ. ಮನೆ, ವಿಮೆ, ವೀಸಾ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಕೆಲಸದ್ದೇ ಹೇಳುತ್ತೇನೆ.

ಪಿಂಗಾಣಿಯಲ್ಲಿ ಜೇಡಿಮಣ್ಣು ಹದ ಕೊಡುತ್ತದೆ, ಫೆಲ್ಡ್‌ಸ್ಪಾರ್ ಎಂಬ ಖನಿಜ ಕರಗಿ ಸಣ್ಣಪುಟ್ಟ ಸಂದು ತುಂಬುತ್ತದೆ. ಇಲ್ಲಿ ಅವೆರಡೂ ಇಲ್ಲ. ಇರುವುದು ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್), ಅದಕ್ಕೆ ಬೆರೆಸಿದ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್), ಒಂದು ಮೈಕ್ರಾನಿಗೂ ಸಣ್ಣ ಕಣಗಳು. ಶ್ಲಿಕರ್‌ನಲ್ಲಿ (ಪುಡಿ ಕಲಸಿದ ನೀರನ್ನು ಇಲ್ಲಿ ಹಾಗೆನ್ನುತ್ತಾರೆ) ಗಂಟು ಉಳಿದರೆ ಮುದ್ದೆಯ ಗಂಟಿನಂತೆಯೇ, ಬೇಯಿಸಿದ ಮೇಲೆ ಸರಿಹೋಗುವುದಿಲ್ಲ. ಉಳಿದ ರಂಧ್ರ ಮುಚ್ಚಲೆಂದು ಕೊನೆಯಲ್ಲಿ ಆರ್ಗಾನ್ ಅನಿಲದ ಒತ್ತಡದಲ್ಲಿ ಕಾಯಿಸುತ್ತಾರೆ ನಿಜ, ಆದರೆ ಮೇಲ್ಮೈಗೆ ಬಾಯಿ ತೆರೆದ ರಂಧ್ರದೊಳಗೆ ಅನಿಲವೇ ಹೊಕ್ಕುತ್ತದೆ, ರಂಧ್ರ ಮುಚ್ಚುವುದಿಲ್ಲ.

ನೀವು ಬರುವುದು ಚಳಿಗಾಲದಲ್ಲಾದ್ದರಿಂದ ತೇವದ ಮೇಲೆ ಕಣ್ಣಿಡಿ. ಹೀಟರ್ ಹಾಕಿದ ಕೋಣೆಯ ಗಾಳಿ ತೀರಾ ಒಣಗಿರುತ್ತದೆ. ಸ್ಪ್ರೇ ಡ್ರೈಯರ್‌ನಿಂದ (ಶ್ಲಿಕರನ್ನು ಬಿಸಿ ಗಾಳಿಯಲ್ಲಿ ಸಿಂಪಡಿಸಿ ಒಣಗಿಸುವ ಯಂತ್ರ) ಬಂದ ಹರಳಿನಂಥ ಗ್ರಾನುಲಾಟ್‌ನಲ್ಲಿ ಅಂಟಾಗಿರುವುದು ಸಾಮಾನ್ಯವಾಗಿ ಪಾಲಿವಿನೈಲ್ ಆಲ್ಕೋಹಾಲ್. ಅದನ್ನು ಮೆತ್ತಗಿಡುವುದು ನೀರಿನ ತೇವ. ತೇವ ಹೋದರೆ ಗ್ರಾನುಲಾಟ್ ಗಟ್ಟಿಯಾಗುತ್ತದೆ, ಪ್ರೆಸ್‌ನಲ್ಲಿ ಪುಡಿಯಾಗದೆ ಹರಳುಗಳ ನಡುವಿನ ಗಡಿಗಳು ಹಾಗೇ ಉಳಿದು ರಂಧ್ರಗಳಾಗುತ್ತವೆ. ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ: ತೇವ ಹೆಚ್ಚಾಗಿ ಅಚ್ಚಿಗೆ ಅಂಟಿಕೊಳ್ಳುತ್ತದೆ, ಸರಾಗವಾಗಿ ಹರಿಯುವುದಿಲ್ಲ. ಡಬ್ಬಿ ಮುಚ್ಚಿಡಿ, ಒತ್ತುವ ಮುಂಚೆ ಪ್ರತಿ ಸಲ ರೆಸ್ಟ್‌ಫೊಯ್ಷ್ಟೆ, ಅಂದರೆ ಉಳಿದ ತೇವ, ಅಳೆಯಿರಿ. ನಿನ್ನೆಯ ಅಳತೆಯನ್ನು ನಂಬಬೇಡಿ.

ಊರಿಂದ ತಂದ ಉಣ್ಣೆ ಸ್ವೆಟರ್ ಲಾಕರ್‌ನಲ್ಲೇ ಇರಲಿ. ಒಂದು ಎಳೆ ಬಿದ್ದರೂ ಕುಲುಮೆಯಲ್ಲಿ ಸುಟ್ಟು ತನ್ನದೇ ಆಕಾರದ ಪೊಳ್ಳು ಬಿಟ್ಟುಹೋಗುತ್ತದೆ. ಚೆಂಡು ಒಡೆಯಲು ಅಷ್ಟು ಸಾಕು. ಕೂದಲಿನದೂ ಅದೇ ಕಥೆ.

ಕುಗ್ಗುವಿಕೆಗೆ ಶ್ವಿಂಡುಂಗ್ ಎನ್ನುತ್ತಾರೆ. ಹಸಿ ಸಾಂದ್ರತೆ (ಸುಡುವ ಮುಂಚೆ ಒತ್ತಿದ ಚೆಂಡಿನಲ್ಲಿ ವಸ್ತು ತುಂಬಿರುವ ಪಾಲು) 55 ಶೇಕಡ ಇದ್ದರೆ 44 ಮಿಲಿಮೀಟರಿನ ಹಸಿ ಚೆಂಡು ಸುಟ್ಟಮೇಲೆ ಸುಮಾರು 36ಕ್ಕೆ ಇಳಿಯುತ್ತದೆ. ಸಾಂದ್ರತೆ 53 ಆದರೆ ಇನ್ನೂ ಸುಮಾರು ಅರ್ಧ ಮಿಲಿಮೀಟರ್ ಕಡಿಮೆ, ಆಗ ಉಜ್ಜಿ ಅಳತೆಗೆ ತರಲು ವಸ್ತುವೇ ಉಳಿಯುವುದಿಲ್ಲ. ಅಂಟು ಸುಡುವಾಗ, 200ರಿಂದ 500 ಡಿಗ್ರಿವರೆಗೆ, ನಿಮಿಷಕ್ಕೆ ಒಂದು ಡಿಗ್ರಿಗಿಂತ ಅವಸರ ಬೇಡ. ಅನಿಲ ಹೊರಬರಲು ದಾರಿ ಸಾಲದೆ ಒಳಗೇ ಬಿರುಕು ಬಿಡುತ್ತದೆ.

ಇಲ್ಲಿ ಬರೆದಿಡುವುದಕ್ಕೆ ಯಾಕಿಷ್ಟು ಹಟ ಅಂತ ಮೊದಮೊದಲು ಅನಿಸಬಹುದು. ಫ್ರಾನ್ಸಿನ ತಯಾರಕರೊಬ್ಬರು 1998ರಲ್ಲಿ ಬ್ಯಾಚ್ ಕುಲುಮೆ (ಒಂದೊಂದು ಸಲ ತುಂಬಿ ಸುಡುವುದು) ಬಿಟ್ಟು ಸುರಂಗ ಕುಲುಮೆಗೆ (ಸಾಲಾಗಿ ಸಾಗುತ್ತಲೇ ಸುಡುವುದು) ಹೋದರು. ಹಾಗೆ ಸುಟ್ಟ ಜಿರ್ಕೋನಿಯಾ ಚೆಂಡುಗಳು ರೋಗಿಗಳ ದೇಹದೊಳಗೇ ಒಡೆದು, 2001ರಲ್ಲಿ ಮಾರುಕಟ್ಟೆಯಿಂದ ವಾಪಸ್ ತರಿಸಬೇಕಾಯಿತು. ಕೆಲಸದಲ್ಲಿ ಏನು ಬದಲಾಯಿತು ಅಂತ ಬರೆದಿಡುವುದು ಅದಕ್ಕೇ. ರಾತ್ರಿಯಿಡೀ ಡಬ್ಬಿಯ ಮುಚ್ಚಳ ತೆರೆದಿದ್ದರೆ ಅದನ್ನೂ ಆ ಬ್ಯಾಚಿನ ಚೀಟಿಯಲ್ಲಿ ಬರೆಯಿರಿ, ಜರ್ಮನ್ ತಪ್ಪಾದರೂ ಪರವಾಗಿಲ್ಲ.