25 ಪ್ರಶ್ನೆಗಳ ಟೆಸ್ಟ್‌ಗೆ ಆಲ್ಫಾ 0.61 ಬಂದಿದೆ, 0.7 ಆಗಲು ಯಾವ ಪ್ರಶ್ನೆ ತೆಗೆಯಲಿ?

ಆಲ್ಫಾ ಅಂದರೆ ಟೆಸ್ಟಿನ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ, ಅಂಕವನ್ನು ಎಷ್ಟು ನಂಬಬಹುದು ಎಂಬುದರ ಅಳತೆ. ನೀವು ಕೊಟ್ಟ ವಿವರ ಇಷ್ಟು: ಬಸವನಗುಡಿಯ ಟ್ಯುಟೋರಿಯಲ್, ಎಸ್‌ಎಸ್‌ಎಲ್‌ಸಿ ವಿಜ್ಞಾನ, 25 ಬಹುಆಯ್ಕೆ ಪ್ರಶ್ನೆ, 120 ಮಕ್ಕಳು, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದು) 3.5, 15 ಅಥವಾ ಹೆಚ್ಚು ಬಂದವರು ಮೇಲಿನ ಬ್ಯಾಚ್‌ಗೆ. 17ನೇ ಪ್ರಶ್ನೆಯ ಕೋರಿಲೇಷನ್ (ಆ ಪ್ರಶ್ನೆಯ ಅಂಕಕ್ಕೂ ಒಟ್ಟು ಅಂಕಕ್ಕೂ ಇರುವ ನಂಟು) ಮೈನಸ್ ಬಂದಿದೆ.

ಸದ್ಯಕ್ಕೆ ಯಾವುದನ್ನೂ ತೆಗೆಯಬೇಡಿ. ಮೊದಲು ಕೀ ಉತ್ತರ ನೋಡಿ. ನೀವೇ ಬರೆದಿರುವಂತೆ 17ನೇ ಪ್ರಶ್ನೆ, 50 ಸೆಂ.ಮೀ. ಸಂಗಮದೂರದ ನಿಮ್ನ ಮಸೂರದ ಸಾಮರ್ಥ್ಯ ಎಷ್ಟು ಎಂಬುದು. ಸರಿ ಉತ್ತರ ಮೈನಸ್ 2 ಡಯಾಪ್ಟರ್. ಕೀಯಲ್ಲಿ ಪ್ಲಸ್ 2 ಅಂತ ಬಿದ್ದಿದ್ದರೆ ಚಿಹ್ನೆ ಗೊತ್ತಿದ್ದವರಿಗೆ ಸೊನ್ನೆ, ಮರೆತವರಿಗೆ ಒಂದು ಅಂಕ; ಕೋರಿಲೇಷನ್ ಮೈನಸ್ ಆಗದೆ ಇನ್ನೇನಾದೀತು? ಇದನ್ನು ಹಿಡಿಯಬೇಕಾದರೆ ಶೀಟಿನಲ್ಲಿ ಬರೀ 0, 1 ಸಾಲದು, ಮಗು ಗುರುತು ಹಾಕಿದ ಎ, ಬಿ, ಸಿ, ಡಿ ಇರಬೇಕು. ಒಟ್ಟು ಅಂಕದಲ್ಲಿ ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27, ಅಂದರೆ 32 ಮತ್ತು 32 ಮಕ್ಕಳು, ಯಾವ ಆಯ್ಕೆಗೆ ಎಷ್ಟು ಜನ ಹೋಗಿದ್ದಾರೆ ಅಂತ ಎಣಿಸಿ. ಮೇಲಿನ ಗುಂಪು ಒಟ್ಟಾಗಿ ಒಂದೇ ‘ತಪ್ಪು’ ಆಯ್ಕೆ ಹಿಡಿದಿದ್ದರೆ ಕೀ ತಪ್ಪಿರುತ್ತದೆ, ಇಲ್ಲವೇ ಎರಡು ಸರಿ ಉತ್ತರ ಇರುತ್ತವೆ. ಯಾರೂ ಮುಟ್ಟದ ಆಯ್ಕೆ ಇದ್ದೂ ಇಲ್ಲದಂತೆ, ಅದನ್ನು ಬದಲಿಸಿ.

ಕೋರಿಲೇಷನ್ ಲೆಕ್ಕ ಹಾಕುವಾಗ ಆ ಪ್ರಶ್ನೆಯ ಅಂಕವನ್ನು ಒಟ್ಟಿನಿಂದ ಕಳೆದಿದ್ದೀರಾ? ಕಳೆಯದಿದ್ದರೆ ಪ್ರಶ್ನೆ ತನ್ನ ಜೊತೆಗೇ ತಾನು ಹೊಂದಿಕೊಳ್ಳುತ್ತದೆ. ನಿಮ್ಮ ಟೆಸ್ಟಿನಲ್ಲಿ ಅರ್ಧದಷ್ಟು ಮಕ್ಕಳು ಸರಿ ಮಾಡಿದ, ಉಳಿದ ಯಾವುದಕ್ಕೂ ಸಂಬಂಧವೇ ಇಲ್ಲದ ಪ್ರಶ್ನೆಗೂ ಸುಮಾರು 0.14 ಬಂದುಬಿಡುತ್ತದೆ (0.5 ಭಾಗಿಸು 3.5). ಇನ್ನೊಂದು ವಿಷಯ: 120 ಮಕ್ಕಳಿಗೆ ಈ ಕೋರಿಲೇಷನ್‌ನ ಸ್ಟ್ಯಾಂಡರ್ಡ್ ಎರರ್ (ಆಕಸ್ಮಿಕವಾಗಿ ಆಗುವ ಏರುಪೇರು) 0.09ರ ಆಸುಪಾಸು. ಹಾಗಾಗಿ 0.15 ಬಂದದ್ದು ಕೆಟ್ಟದ್ದು, 0.25 ಬಂದದ್ದು ಒಳ್ಳೆಯದು ಅಂತ ತೀರ್ಪು ಕೊಡಲಾಗದು. ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ತೋರಿಸುವ ‘ಈ ಪ್ರಶ್ನೆ ತೆಗೆದರೆ ಆಲ್ಫಾ ಎಷ್ಟು’ ಕಾಲಂ ನೋಡಿ ಒಂದೊಂದೇ ಕಿತ್ತರೆ ಇದೇ ಮಕ್ಕಳಲ್ಲಿ ಆಲ್ಫಾ ಏರುತ್ತದೆ, ಮುಂದಿನ ವರ್ಷದ ಬ್ಯಾಚಿನಲ್ಲಿ ಮತ್ತೆ ಇಳಿಯುತ್ತದೆ. ಈ ಕಾಲಂ ಮಾಡಿರುವಷ್ಟು ಹಾನಿಯನ್ನು ಕೆಟ್ಟ ಪ್ರಶ್ನೆಗಳೂ ಮಾಡಿಲ್ಲ ಅನ್ನೋದು ನನ್ನ ಅಭಿಪ್ರಾಯ.

ನೇರ ದಾರಿ ಅಂದರೆ ಪ್ರಶ್ನೆ ಸೇರಿಸುವುದು. ಟೆಸ್ಟ್ ಉದ್ದವಾದರೆ ಆಲ್ಫಾ ಎಷ್ಟಾಗುತ್ತದೆ ಎಂದು ಹೇಳುವ ಸ್ಪಿಯರ್‌ಮನ್–ಬ್ರೌನ್ ಸೂತ್ರದ ಪ್ರಕಾರ 0.61ರಿಂದ 0.7ಕ್ಕೆ ಟೆಸ್ಟ್ ಸುಮಾರು 1.5 ಪಟ್ಟು ಉದ್ದವಾಗಬೇಕು, ಅಂದರೆ 38 ಪ್ರಶ್ನೆ. 0.8 ಬೇಕೆಂದರೆ 64. ಸೇರಿಸುವ ಪ್ರಶ್ನೆಗಳು ಈಗಿನವುಗಳ ಮಟ್ಟದಲ್ಲೇ ಇರಬೇಕು. ಎಲ್ಲರೂ ಸರಿ ಮಾಡುವ ಪ್ರಶ್ನೆ ಹತ್ತು ತುಂಬಿದರೂ ಏನೂ ಬದಲಾಗದು.

ಕೊನೆಯ ನಾಲ್ಕೈದು ಪ್ರಶ್ನೆ ಖಾಲಿ ಬಿಟ್ಟವರು ಎಷ್ಟಿದ್ದಾರೆ? ಸಮಯ ಸಾಲದೆ ಬಿಟ್ಟದ್ದಕ್ಕೆಲ್ಲ 0 ಹಾಕಿದ್ದರೆ ಆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡು ಆಲ್ಫಾ ಸುಳ್ಳೇ ಉಬ್ಬುತ್ತದೆ. ನಿಮ್ಮ 0.61 ಕೂಡ ಹಾಗೆ ಉಬ್ಬಿದ್ದೇ ಆಗಿರಬಹುದು.

ಬ್ಯಾಚ್ ವಿಂಗಡಣೆಗೆ ಬೇಕಾದ್ದು ನಿಜವಾಗಿ ಆಲ್ಫಾ ಅಲ್ಲ, ಅಳತೆಯ ಸ್ಟ್ಯಾಂಡರ್ಡ್ ಎರರ್ (ಒಂದು ಮಗುವಿನ ಅಂಕ ಎಷ್ಟು ಆಚೀಚೆ ಆಗಬಹುದು ಎಂಬುದು): 3.5 ಗುಣಿಸು (1 − 0.61)ರ ವರ್ಗಮೂಲ, ಸುಮಾರು 2.2 ಅಂಕ. 14 ಬಂದ ಹುಡುಗಿಗೂ 16 ಬಂದ ಹುಡುಗನಿಗೂ ಈ ಟೆಸ್ಟ್ ವ್ಯತ್ಯಾಸ ಹೇಳಲಾರದು. 13ರಿಂದ 17ರವರೆಗಿನ ಮಕ್ಕಳಿಗೆ ಮಾತ್ರ ಹದಿನೈದು ಪ್ರಶ್ನೆಯ ಇನ್ನೊಂದು ಟೆಸ್ಟ್ ಕೊಟ್ಟು, ಎರಡರ ಅಂಕ ಕೂಡಿಸಿ ಬ್ಯಾಚ್ ಮಾಡಿ. ಉಳಿದವರನ್ನು ಈಗಲೇ ಅವರವರ ಬ್ಯಾಚ್‌ಗೆ ಸೇರಿಸಿಕೊಳ್ಳಬಹುದು.